ಪಾಲು, ಸಾಕ್ಷಿ ಮತ್ತು ಲೆಕ್ಕ: ಯಮಕನಮರಡಿ ಪರಿಸರದ ಸಣ್ಣ ವ್ಯಾಪಾರದ ಪಾಲುದಾರಿಕೆ ಹಾಗೂ ವಿದ್ಯುನ್ಮಾನ ವಾಣಿಜ್ಯ

ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿಗೆ ಸೇರಿದ ಯಮಕನಮರಡಿಯು ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯ ಆಸುಪಾಸಿನ ದೊಡ್ಡ ಊರು. ಅದರ ಪೂರ್ವಕ್ಕೆ ಗೋಕಾಕ ಹಾಗೂ ಗೋಕಾಕದಿಂದ ಬೇರ್ಪಟ್ಟು ತಾಲೂಕಾದ ಮೂಡಲಗಿ, ಉತ್ತರಕ್ಕೆ ಸಂಕೇಶ್ವರ, ದಕ್ಷಿಣಕ್ಕೆ ಬೆಳಗಾವಿ, ಪಶ್ಚಿಮಕ್ಕೆ ಮಹಾರಾಷ್ಟ್ರದ ಗಡಿ. ಘಟಪ್ರಭೆ ಮತ್ತು ಹಿರಣ್ಯಕೇಶಿಯ ನೀರು ಕಂಡ ಈ ಸೀಮೆಯಲ್ಲಿ ಕಬ್ಬು, ಗೋವಿನಜೋಳ, ಶೇಂಗಾ, ಮೆಣಸಿನಕಾಯಿ ಬೆಳೆಯುತ್ತವೆ. ಕನ್ನಡ, ಮರಾಠಿ ಎರಡೂ ಭಾಷೆಗಳಲ್ಲಿ ಇಲ್ಲಿ ಸೌದಾ ನಡೆಯುತ್ತದೆ. ಇಂಥ ಊರುಗಳ ಪೇಟೆಯನ್ನು ನಡೆಸಿಕೊಂಡು ಬಂದವರು ದೊಡ್ಡ ಕಂಪನಿಗಳವರಲ್ಲ. ಇಬ್ಬರು ಅಣ್ಣತಮ್ಮಂದಿರು, ಮಾವ ಅಳಿಯ, ಒಂದೇ ಓಣಿಯ ಮೂವರು ಗೆಳೆಯರು ಭಾಂಡವಲ ಕೂಡಿಸಿ ಹಾಕಿದ ಕಿರಾಣಿ, ಬಟ್ಟೆ, ಗೊಬ್ಬರ, ಅಡತಿ ಅಂಗಡಿಗಳವರು.

ಕಳೆದ ಎರಡು ದಶಕಗಳಲ್ಲಿ ಈ ಪೇಟೆಯೊಳಗೆ ವಿದ್ಯುನ್ಮಾನ ವಾಣಿಜ್ಯ ಪ್ರವೇಶಿಸಿದೆ. ಅದನ್ನು ಯಂತ್ರದ ಪ್ರಗತಿಯೆಂದು ನೋಡುವ ಅರ್ಥಶಾಸ್ತ್ರೀಯ ಬರಹಗಳು ಸಾಕಷ್ಟಿವೆ. ಹಳೆಯ ವಿಶ್ವಾಸದ ನಾಶವೆಂದು ಮರುಗುವ ಮಾತುಗಳೂ ಕಡಿಮೆಯಿಲ್ಲ. ಜಾನಪದ ಅಧ್ಯಯನದ ದೃಷ್ಟಿಯಿಂದ ಅವಲೋಕಿಸಿದಾಗ ಮೂರನೆಯದೊಂದು ಸಂಗತಿ ಕಾಣುತ್ತದೆ. ಜನಪದರ ಪಾಲುಗಾರಿಕೆ ನಿಂತಿದ್ದುದು ಬರಿಯ ವಿಶ್ವಾಸದ ಮೇಲಲ್ಲ, ಎಲ್ಲರ ಕಣ್ಣೆದುರು ಕಿವಿಯೆದುರು ನಡೆಯುವ ಅಳತೆಯ ಮೇಲೆ. ಹೊಸ ವ್ಯವಸ್ಥೆ ಈ ‘ಎದುರು’ ಎಂಬ ಗುಣವನ್ನು ಉಳಿಸಿಕೊಟ್ಟ ಕಡೆ ಬೇಗ ಬೇರುಬಿಟ್ಟಿದೆ. ಅದನ್ನು ಒಬ್ಬನ ಜೇಬಿನೊಳಕ್ಕೆ ಸರಿಸಿದ ಕಡೆ ಪಾಲನ್ನೇ ಅಪಾಯಕ್ಕೆ ಒಡ್ಡಿದೆ. ಈ ಮಾತನ್ನು ಯಮಕನಮರಡಿ ಮತ್ತು ಅದರ ನೆರೆಯ ಪೇಟೆಗಳ ಹಿನ್ನೆಲೆಯಲ್ಲಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಪಾಲು ಎಂಬ ಪರಿಕಲ್ಪನೆ

ಕನ್ನಡ ನಾಡಿನ ಒಕ್ಕಲುತನದಲ್ಲಿ ‘ಪಾಲು’ ಎಂಬುದು ಬಹಳ ಹಳೆಯ ಮಾತು. ಹೊಲವಿದ್ದವನು ಹೊಲ ಕೊಟ್ಟು, ಎತ್ತಿದ್ದವನು ದುಡಿಮೆ ಕೊಟ್ಟು ಬೆಳೆಯನ್ನು ಹಂಚಿಕೊಳ್ಳುವುದು ಕೋರುಪಾಲು. ಒಬ್ಬನ ಎಮ್ಮೆಯನ್ನೋ ಕುರಿಯನ್ನೋ ಇನ್ನೊಬ್ಬನು ಸಾಕಿ, ಹುಟ್ಟಿದ ಮರಿಗಳನ್ನು ಹಂಚಿಕೊಳ್ಳುವುದು ಪಾಲಿಗೆ ಸಾಕುವ ಪದ್ಧತಿ. ಒಬ್ಬರ ಹೊಲಕ್ಕೆ ಇನ್ನೊಬ್ಬರು ದುಡಿದು, ದುಡಿಮೆಯನ್ನು ದುಡಿಮೆಯಿಂದಲೇ ತೀರಿಸುವುದು ಮುಯ್ಯಾಳು. ಗಡಿನಾಡಿನ ಪೇಟೆಗಳಲ್ಲಿ ಹತ್ತಾರು ಜನ ಕೂಡಿ ತಿಂಗಳಿಗಿಷ್ಟೆಂದು ಹಣ ಹಾಕಿ, ಸರದಿಯ ಮೇಲೆ ಒಬ್ಬೊಬ್ಬರು ಎತ್ತಿಕೊಳ್ಳುವ ‘ಭಿಶಿ’ಯೂ ಇದೇ ಕುಲದ್ದು. ಇವುಗಳಲ್ಲಿ ಯಾವುದೂ ಕಾಗದದ ಮೇಲೆ ಹುಟ್ಟಿದ್ದಲ್ಲ. ಆದರೂ ಯಾರ ಭಾಂಡವಲ ಎಷ್ಟು, ಯಾರ ದುಡಿಮೆ ಎಷ್ಟು, ನಷ್ಟ ಬಂದರೆ ಹೊರುವವರಾರು ಎಂಬ ಮೂರು ಪ್ರಶ್ನೆಗಳಿಗೆ ಪ್ರತಿಯೊಂದರಲ್ಲೂ ಖಚಿತವಾದ ಉತ್ತರವಿದೆ.

ಪಾಲು ಆಗುತ್ತಿದ್ದ ಜಾಗವನ್ನು ವಿಶೇಷವಾಗಿ ಗಮನಿಸಬೇಕು. ಅದು ಮನೆಯ ಒಳಗಲ್ಲ, ಕಣದಲ್ಲಿ. ಹಂತಿ ಕಟ್ಟಿ, ರಾಶಿ ತೂರಿ, ಪೂಜೆ ಮಾಡಿದ ಮೇಲೆ ಧಾನ್ಯವನ್ನು ಎಲ್ಲರೆದುರು ಅಳೆಯಲಾಗುತ್ತಿತ್ತು. ಅಳೆಯುವವನು ಮೊದಲ ಅಳತೆಯನ್ನು ‘ಒಂದು’ ಎನ್ನದೆ ‘ಲಾಭ’ ಎಂದು ಕೂಗಿ, ಅನಂತರ ‘ಎರಡು, ಮೂರು’ ಎಂದು ಎಣಿಸುವ ರೂಢಿ ಇಂದಿಗೂ ಅಲ್ಲಲ್ಲಿ ಉಳಿದಿದೆ. ಇದನ್ನು ಶುಭಸೂಚಕ ನಂಬಿಕೆಯೆಂದಷ್ಟೇ ವರ್ಣಿಸುವುದು ವಾಡಿಕೆ. ಆದರೆ ಗಟ್ಟಿಯಾಗಿ ಕೂಗಿ ಎಣಿಸುವುದರಲ್ಲಿ ಒಂದು ವ್ಯವಹಾರ ಧರ್ಮವೂ ಅಡಗಿದೆ. ಹೊಲದ ಒಡೆಯ, ಕೋರಿನವನು, ಆಯಕ್ಕೆ ಬಂದ ಬಡಿಗ, ಕಂಬಾರ ಎಲ್ಲರೂ ಆ ಎಣಿಕೆಯನ್ನು ಕೇಳಿಸಿಕೊಳ್ಳುತ್ತಾರೆ. ಓದುಬರಹ ಬಾರದವನೂ ಅಲ್ಲಿ ಲೆಕ್ಕ ಪರಿಶೋಧಕ. ಕೇಳಿದ ಮೇಲೆ ಯಾರೂ ‘ನನಗೆ ಗೊತ್ತಿರಲಿಲ್ಲ’ ಎನ್ನುವಂತಿಲ್ಲ.

ಕೂಡಿ ವ್ಯಾಪಾರ ಮಾಡುವುದಕ್ಕೂ ಈ ಭಾಗದಲ್ಲಿ ದೀರ್ಘ ಪರಂಪರೆಯಿದೆ. ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯನ್ನು ಮೂಲನೆಲೆಯೆಂದು ಹೇಳಿಕೊಂಡ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘದ ಹೆಸರು ದಕ್ಷಿಣ ಭಾರತದ ಅನೇಕ ಶಾಸನಗಳಲ್ಲಿ ದೊರೆಯುತ್ತದೆ. ರಟ್ಟರ ಕಾಲದ, ಕ್ರಿ.ಶ. 1204ರ ಬೆಳಗಾವಿಯ ಶಾಸನದಲ್ಲಿ ವರ್ತಕರು ಒಟ್ಟುಗೂಡಿ ತಮ್ಮ ಸರಕುಗಳ ಮೇಲೆ ಇಂತಿಷ್ಟೆಂದು ಗೊತ್ತುಮಾಡಿಕೊಂಡು ಜಿನಾಲಯಕ್ಕೆ ದಾನ ಬಿಟ್ಟ ವಿವರವಿದೆ. ಸಭೆ ಸೇರಿ ಒಪ್ಪುವುದು, ಒಪ್ಪಿದ್ದನ್ನು ಎಲ್ಲರೂ ಓದುವಂತೆ ಕಲ್ಲಿಗೆ ಏರಿಸುವುದು, ಇವೆರಡೂ ಅಂದಿನ ವಾಣಿಜ್ಯದ ಅಂಗಗಳಾಗಿದ್ದವು.

ಆಧುನಿಕ ಕಾಲದಲ್ಲಿಯೂ ಹುಕ್ಕೇರಿ ತಾಲೂಕು ಇದಕ್ಕೆ ಅಪರೂಪದ ನಿದರ್ಶನ ಒದಗಿಸುತ್ತದೆ. 1969ರಲ್ಲಿ ಆರಂಭವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ದೇಶದಲ್ಲಿ ಪ್ರಾಯೋಗಿಕವಾಗಿ ಸ್ಥಾಪನೆಯಾದ ಐದು ವಿದ್ಯುತ್ ಸಹಕಾರಿಗಳಲ್ಲಿ ಒಂದು. ಉಳಿದ ಕಡೆ ಸರ್ಕಾರದ ಮಂಡಳಿ ವಿದ್ಯುತ್ ತಂದರೆ, ಈ ತಾಲೂಕಿನ ಜನ ಷೇರು ಹಾಕಿ ಸದಸ್ಯರಾಗಿ ದೀಪ ಹಚ್ಚಿಕೊಂಡರು. ವಿದ್ಯುನ್ಮಾನ ವಾಣಿಜ್ಯಕ್ಕೆ ಮೊದಲು ಬೇಕಾದ ವಿದ್ಯುತ್ತೇ ಇಲ್ಲಿ ಪಾಲುಗಾರಿಕೆಯ ಫಲವೆಂಬುದು ಗಮನಾರ್ಹ.

2. ಬಾಯಿಮಾತು, ವಹಿ ಮತ್ತು ಕಾಯ್ದೆ

ಹೊಲದ ಪಾಲು ಪೇಟೆಗೆ ಬಂದಾಗ ‘ಭಾಗೀದಾರಿ’ ಎನಿಸಿತು. ಕಣದ ಕೂಗಿನ ಸ್ಥಾನದಲ್ಲಿ ವಹಿ ಬಂದಿತು. ದಿನದ ವ್ಯವಹಾರ ಕೀರ್ದಿಯಲ್ಲಿ, ವ್ಯಕ್ತಿವಾರು ಲೆಕ್ಕ ಖಾತೆ ಪುಸ್ತಕದಲ್ಲಿ ದಾಖಲಾಗುತ್ತಿದ್ದವು. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ತಕ್ಕಡಿ, ತಿಜೋರಿಗಳ ಜೊತೆಗೆ ಹೊಸ ವಹಿಗೂ ಪೂಜೆ ಸಲ್ಲುತ್ತದೆ. ಅರಿಷಿಣ ಕುಂಕುಮ ಹಚ್ಚಿ, ಮೊದಲ ಪುಟದಲ್ಲಿ ‘ಶ್ರೀ’ ಬರೆದು ‘ಶುಭ–ಲಾಭ’ ಎಂದು ಆರಂಭಿಸುತ್ತಾರೆ. ಈ ಪೂಜೆಗೆ ಪಾಲುದಾರರು ಕುಟುಂಬ ಸಮೇತ ಸೇರುವುದು ರೂಢಿ. ಹಳೆಯ ವಹಿ ಮುಗಿಯುವುದೆಂದರೆ ಹಳೆಯ ಲೆಕ್ಕ ತೀರುವುದು ಎಂದೇ ಅರ್ಥ. ಹೀಗಾಗಿ ಪೂಜೆಯು ವರ್ಷಕ್ಕೊಮ್ಮೆ ಲೆಕ್ಕವನ್ನು ಎಲ್ಲರ ಮುಂದೆ ಬಿಚ್ಚಿಡುವ ಸಂದರ್ಭವೂ ಹೌದು.

ವಹಿಯ ಇನ್ನೊಂದು ಮಗ್ಗುಲು ಉದ್ರಿ. ಮಳೆಯಾಶ್ರಿತ ಸೀಮೆಯಲ್ಲಿ ಗಿರಾಕಿಯ ಕೈಗೆ ಹಣ ಬರುವುದು ಸುಗ್ಗಿಯಲ್ಲಿ. ಸಾಮಾನು ಬೇಕಾಗುವುದು ವರ್ಷವಿಡೀ. ‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕ ತೂಗುಹಾಕಿದ ಅಂಗಡಿಯವನೂ ಒಳಗೆ ಉದ್ರಿ ಪುಸ್ತಕ ಇಟ್ಟೇ ಇರುತ್ತಾನೆ. ‘ಕೊಟ್ಟವ ಕೋಡಂಗಿ, ಇಸಗೊಂಡವ ಈರಭದ್ರ’ ಎಂಬ ಗಾದೆ ಹುಟ್ಟಿದ್ದು ಈ ಅನುಭವದಿಂದಲೇ. ಪಾಲುದಾರಿಕೆಗಳು ಒಡೆಯುವುದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು, ಒಬ್ಬ ಪಾಲುದಾರನು ತನ್ನ ನೆಂಟರಿಗೆ ಕೊಟ್ಟ ಉದ್ರಿ ಇನ್ನೊಬ್ಬನಿಗೆ ಕಾಣದೆ ಉಳಿಯುವುದು.

ಕಾಯ್ದೆಯೂ ಇದೇ ಧರ್ಮವನ್ನು ತನ್ನ ಭಾಷೆಯಲ್ಲಿ ಹೇಳುತ್ತದೆ. 1932ರ ಭಾರತೀಯ ಪಾಲುದಾರಿಕೆ ಅಧಿನಿಯಮದ 4ನೆಯ ಪ್ರಕರಣದಂತೆ, ಎಲ್ಲರೂ ಅಥವಾ ಎಲ್ಲರ ಪರವಾಗಿ ಒಬ್ಬರು ನಡೆಸುವ ವ್ಯವಹಾರದ ಲಾಭವನ್ನು ಹಂಚಿಕೊಳ್ಳಲು ಒಪ್ಪಿದವರ ಸಂಬಂಧವೇ ಪಾಲುದಾರಿಕೆ. 9ನೆಯ ಪ್ರಕರಣವು ಪಾಲುದಾರರು ಪರಸ್ಪರ ನ್ಯಾಯದಿಂದ ನಡೆದು ನಿಜವಾದ ಲೆಕ್ಕ ಒಪ್ಪಿಸಬೇಕೆಂದು ವಿಧಿಸುತ್ತದೆ. 12ನೆಯದು ಪ್ರತಿಯೊಬ್ಬ ಪಾಲುದಾರನಿಗೂ ವಹಿಗಳನ್ನು ನೋಡುವ, ನಕಲು ತೆಗೆದುಕೊಳ್ಳುವ ಹಕ್ಕು ಕೊಡುತ್ತದೆ. ಬೇರೆ ಕರಾರಿಲ್ಲದಿದ್ದರೆ 13ನೆಯ ಪ್ರಕರಣದಂತೆ ಲಾಭ–ನಷ್ಟ ಸಮಪಾಲು. 25ನೆಯದರಂತೆ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬನೂ ಇತರರೊಂದಿಗೆ ಕೂಡಿಯೂ ಪ್ರತ್ಯೇಕವಾಗಿಯೂ ಹೊಣೆ. ಇದೇ ಕಾಯ್ದೆ ಬಾಯಿಮಾತಿನ ಪಾಲುದಾರಿಕೆಯನ್ನು ಒಪ್ಪಿದರೂ ಒಂದು ಎಚ್ಚರಿಕೆಯನ್ನು ಇಟ್ಟಿದೆ. 69ನೆಯ ಪ್ರಕರಣದ ಪ್ರಕಾರ ನೋಂದಣಿಯಾಗದ ಸಂಸ್ಥೆ ತನ್ನ ಕರಾರಿನ ಬಾಕಿಗಾಗಿ ಹೊರಗಿನವರ ಮೇಲೆ ಸಾಮಾನ್ಯವಾಗಿ ದಾವೆ ಹೂಡಲಾರದು. ಊರಿನೊಳಗೆ ಹಿರಿಯರ ಪಂಚಾಯ್ತಿಯಿಂದ ತೀರುವ ಜಗಳಕ್ಕೆ ಈ ಕೊರತೆ ಬಾಧಕವಾಗದು. ಊರಾಚೆಯ, ಮುಖ ಕಾಣದ ಗಿರಾಕಿಯೊಡನೆ ವ್ಯವಹಾರ ಬೆಳೆದಾಗ ಮಾತ್ರ ಅದರ ಬಿಸಿ ತಟ್ಟುತ್ತದೆ.

3. ಬೆರಳಿನಿಂದ ಪರದೆಗೆ

ಎಲ್ಲ ಹಳೆಯ ವ್ಯಾಪಾರವೂ ಬಯಲಿನ ವ್ಯಾಪಾರವಾಗಿರಲಿಲ್ಲ ಎಂಬುದನ್ನು ಇಲ್ಲಿ ಮರೆಯಲಾಗದು. ದನದ ಜಾತ್ರೆಗಳಲ್ಲಿ ಇಂದಿಗೂ ದಲಾಲಿಯು ಟವೆಲ್ಲಿನ ಮರೆಯಲ್ಲಿ ಕೊಳ್ಳುವವನ ಬೆರಳು ಹಿಡಿದು ದರ ಹೇಳುತ್ತಾನೆ. ಸುತ್ತ ನೂರು ಜನ ನಿಂತಿದ್ದರೂ ಬೆಲೆ ಇಬ್ಬರಿಗಷ್ಟೇ ಗೊತ್ತು. ಕಾಳಿನ ಪೇಟೆಗಳಲ್ಲಿಯೂ ಇಂಥ ಗುಪ್ತ ಸೌದಾಗಳು ನಡೆಯುತ್ತಿದ್ದವು. ರಾಶಿಯನ್ನು ಕಣದಲ್ಲಿ ಎಲ್ಲರೆದುರು ಅಳೆದ ರೈತನು, ಪೇಟೆಗೆ ಬಂದಾಗ ಅದರ ದರವನ್ನು ಕೊನೆಯವನಾಗಿ ತಿಳಿಯುತ್ತಿದ್ದನು.

ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗಳ ಪ್ರಾಂಗಣಗಳಲ್ಲಿ ಚೀಟಿಯ ಟೆಂಡರ್ ಬಂದದ್ದು ಇದಕ್ಕೆ ಒಂದು ಪರಿಹಾರ. ವಿದ್ಯುನ್ಮಾನ ಟೆಂಡರ್ ಬಂದದ್ದು ಅದರ ಮುಂದಿನ ಹೆಜ್ಜೆ. ಕರ್ನಾಟಕ ಸರ್ಕಾರವು 2013ರ ಕೃಷಿ ಮಾರಾಟ ನೀತಿಯ ಅನ್ವಯ, 2014ರಲ್ಲಿ ಎನ್‌ಸಿಡಿಇಎಕ್ಸ್ ಸಮೂಹದ ಸಂಸ್ಥೆಯೊಡನೆ ಸಮಪಾಲಿನಲ್ಲಿ ‘ರಾಷ್ಟ್ರೀಯ ಇ–ಮಾರುಕಟ್ಟೆ ಸೇವೆಗಳು’ ಎಂಬ ಕಂಪನಿಯನ್ನು ಸ್ಥಾಪಿಸಿ, ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ಆರಂಭಿಸಿತು. ಕೇಂದ್ರದ ‘ಇ–ನಾಮ್’ ವ್ಯವಸ್ಥೆ ಆರಂಭವಾದದ್ದು ಅನಂತರ, 14 ಏಪ್ರಿಲ್ 2016ರಂದು. ಸಣ್ಣ ಪಾಲುದಾರಿಕೆಗಳ ಪೇಟೆಗೆ ವಿದ್ಯುನ್ಮಾನ ವಾಣಿಜ್ಯವನ್ನು ತಂದ ಈ ಯೋಜನೆಯೂ ಒಂದು ಪಾಲುದಾರಿಕೆಯೇ ಆಗಿತ್ತೆಂಬುದು ಉಲ್ಲೇಖನೀಯ.

ಈ ವ್ಯವಸ್ಥೆಯ ಕ್ರಮ ಸರಳವಾದದ್ದು. ಪ್ರಾಂಗಣದ ಬಾಗಿಲಲ್ಲಿ ಮಾಲಿನ ವಿವರ ದಾಖಲಾಗಿ ಪ್ರತಿ ರಾಶಿಗೂ ಒಂದು ಲಾಟ್ ಸಂಖ್ಯೆ ದೊರೆಯುತ್ತದೆ. ರಾಶಿ ಅಡತಿ ಅಂಗಡಿಯ ಮುಂದೆ ಇರುತ್ತದೆ. ಖರೀದಿದಾರರು ಬಂದು ನೋಡಿ, ಗಣಕಯಂತ್ರದಲ್ಲಿ ಅಥವಾ ಮೊಬೈಲಿನಲ್ಲಿ ತಮ್ಮ ದರ ನಮೂದಿಸುತ್ತಾರೆ. ಗೊತ್ತಾದ ಹೊತ್ತಿಗೆ ಟೆಂಡರ್ ಮುಚ್ಚುತ್ತದೆ. ಅಧಿಕ ದರ ಹಾಕಿದವನ ಹೆಸರನ್ನು ಯಂತ್ರವೇ ಆರಿಸುತ್ತದೆ. ದರ ಪರದೆಯ ಮೇಲೆ ಪ್ರಕಟವಾಗಿ ರೈತನ ಮೊಬೈಲಿಗೆ ಸಂದೇಶ ಹೋಗುತ್ತದೆ. ದರ ಒಪ್ಪಿಗೆಯಾಗದಿದ್ದರೆ ಮಾರದೆ ಉಳಿಸಿಕೊಳ್ಳುವ ಸ್ವಾತಂತ್ರ್ಯ ರೈತನಿಗಿದೆ. ಟವೆಲ್ಲಿನ ಮರೆಯಲ್ಲಿದ್ದ ದರ ಹೀಗೆ ಮತ್ತೆ ಕಣದ ಬಯಲಿಗೆ ಬಂದಿತು.

ಇದರ ಪರಿಣಾಮವೇನೆಂಬುದಕ್ಕೆ 2020ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನ ಉತ್ತರಿಸುತ್ತದೆ. ಕರ್ನಾಟಕದ ಏಕೀಕೃತ ವೇದಿಕೆಯಿಂದಾಗಿ ಭತ್ತದ ದರ ಶೇ. 5.1ರಷ್ಟು, ಶೇಂಗಾದ ದರ ಶೇ. 3.6ರಷ್ಟು, ಗೋವಿನಜೋಳದ ದರ ಶೇ. 3.5ರಷ್ಟು ಹೆಚ್ಚಿತೆಂದು ಅದು ಲೆಕ್ಕಹಾಕಿದೆ. ಶೇಂಗಾ ಮತ್ತು ಗೋವಿನಜೋಳ ಹುಕ್ಕೇರಿ, ಗೋಕಾಕ ಸೀಮೆಯ ಬೆಳೆಗಳೂ ಹೌದು. ಆದರೆ ಅಧ್ಯಯನಕ್ಕೆ ಒಳಗಾದ ಎಲ್ಲ ಬೆಳೆಗಳಲ್ಲಿಯೂ ಗಮನಾರ್ಹ ಹೆಚ್ಚಳ ಕಂಡುಬರಲಿಲ್ಲ.

ಈ ಮಿಶ್ರಫಲದ ಒಂದು ಕಾರಣವನ್ನಾದರೂ ಅಡತಿ ಅಂಗಡಿಯ ಸ್ವರೂಪದಲ್ಲಿ ಹುಡುಕಬೇಕು. ಅಡತಿ ಅಂಗಡಿ ಬರಿಯ ಮಾರಾಟದ ಮಧ್ಯಸ್ಥಿಕೆಯಲ್ಲ. ಬಿತ್ತನೆಗೆ, ಮದುವೆಗೆ, ಆಸ್ಪತ್ರೆಗೆ ಮುಂಗಡ ಕೊಡುವ ಸಾವುಕಾರನೂ ಅದೇ. ಮುಂಗಡ ಪಡೆದ ರೈತ ಮಾಲನ್ನು ಅದೇ ಅಂಗಡಿಗೆ ತರುತ್ತಾನೆ. ದರ ಪರದೆಯ ಮೇಲೆ ಬಂದರೂ ಹಣ ಸಾಲದ ಖಾತೆಗೆ ವಜಾ ಆಗುತ್ತದೆ. ವಿದ್ಯುನ್ಮಾನ ಟೆಂಡರ್ ನೆಲೆಗೊಂಡಷ್ಟು ಬೇಗ, ಹಣವನ್ನು ನೇರವಾಗಿ ರೈತನ ಬ್ಯಾಂಕ್ ಖಾತೆಗೆ ಜಮೆ ಮಾಡುವ ಪದ್ಧತಿ ನೆಲೆಗೊಳ್ಳದೆ ಹೋದದ್ದಕ್ಕೆ ಇದು ಮುಖ್ಯ ಕಾರಣ. ಯಂತ್ರವು ದರವನ್ನು ಬಯಲಿಗೆ ತಂದಿತು; ಉದ್ರಿಯನ್ನು ತರಲಿಲ್ಲ. ಸರ್ವಜ್ಞನ ತ್ರಿಪದಿಗಳ ಕಾಲದಿಂದಲೂ ಸಾಲದ ಬಂಧ ಬೆಲೆಯ ಬಂಧಕ್ಕಿಂತ ಗಟ್ಟಿಯಾದುದೆಂಬ ಅರಿವು ಜನರಲ್ಲಿದೆ.

4. ಮಾತನಾಡುವ ಪೆಟ್ಟಿಗೆ

ಪೇಟೆಯ ಅಂಗಡಿಗಳಿಗೆ ವಿದ್ಯುನ್ಮಾನ ಪಾವತಿ ಬಂದ ಬಗೆ ಬೇರೆ. ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ಯುಪಿಐ ವ್ಯವಸ್ಥೆಯನ್ನು ಏಪ್ರಿಲ್ 2016ರಲ್ಲಿ ಪ್ರಾಯೋಗಿಕವಾಗಿ ಆರಂಭಿಸಿತು. ಅದೇ ವರ್ಷದ ನವೆಂಬರ್ 8ರಂದು 500 ಮತ್ತು 1000 ರೂಪಾಯಿಗಳ ನೋಟುಗಳು ರದ್ದಾದವು. ಚಿಲ್ಲರೆಯ ಬರ, ಅಗ್ಗದ ಮೊಬೈಲ್ ಅಂತರಜಾಲ, ಅನಂತರದ ಕೊರೋನಾ ಕಾಲದ ಮುಟ್ಟುವ ಭಯ ಇವೆಲ್ಲ ಕೂಡಿ, ಜನರ ಬಾಯಲ್ಲಿ ‘ಸ್ಕ್ಯಾನರ್’ ಎನಿಸಿಕೊಂಡ ಚೌಕದ ಸಂಕೇತವನ್ನು ಚಹಾದಂಗಡಿ, ತರಕಾರಿ ಗಾಡಿಗಳವರೆಗೂ ತಲುಪಿಸಿದವು.

ಆರಂಭದಲ್ಲಿ ಅಂಗಡಿಕಾರರಿಗೆ ಇದರ ಬಗ್ಗೆ ಇದ್ದ ಅಳುಕು ತಾಂತ್ರಿಕವಾದುದಲ್ಲ. ನೋಟನ್ನು ಕೈಯಿಂದ ಮುಟ್ಟಿ ನೋಡಬಹುದು, ಎಲ್ಲರೆದುರು ಎಣಿಸಬಹುದು. ಗಿರಾಕಿ ತನ್ನ ಮೊಬೈಲಿನಲ್ಲಿ ತೋರಿಸುವ ಹಸಿರು ಗುರುತು ನಿಜವೋ ಸುಳ್ಳೋ ತಿಳಿಯುವುದು ಹೇಗೆ? ಮಾಲೀಕ ಊರಲ್ಲಿಲ್ಲದಾಗ, ಅಂಗಡಿಯಲ್ಲಿ ಕೂತ ಹುಡುಗನಿಗೆ ಹಣ ಬಂದದ್ದು ತಿಳಿಯುವುದು ಹೇಗೆ? ಈ ಅಳುಕನ್ನು ಬಹುಮಟ್ಟಿಗೆ ನೀಗಿಸಿದ್ದು, ಪಾವತಿ ಬಂದೊಡನೆ ಮೊತ್ತವನ್ನು ಗಟ್ಟಿಯಾಗಿ ಹೇಳುವ ಸಣ್ಣ ಧ್ವನಿಪೆಟ್ಟಿಗೆ. ಅದು ಕನ್ನಡದಲ್ಲಿಯೂ ನುಡಿಯುತ್ತದೆ. ಗಿರಾಕಿ, ಅಂಗಡಿಯ ಹುಡುಗ, ಒಳಗೆ ಮಾಲು ಜೋಡಿಸುತ್ತಿರುವ ಇನ್ನೊಬ್ಬ ಪಾಲುದಾರ, ಬದಿಯಲ್ಲಿ ನಿಂತ ಮತ್ತೊಬ್ಬ ಗಿರಾಕಿ ಎಲ್ಲರಿಗೂ ಮೊತ್ತ ಕೇಳಿಸುತ್ತದೆ. ಓದಲು ಬಾರದ ಅಜ್ಜಿಗೂ ತಾನು ಕೊಟ್ಟದ್ದು ಮುಟ್ಟಿತೆಂಬ ಖಾತರಿ ದೊರೆಯುತ್ತದೆ.

ಕಣದಲ್ಲಿ ‘ಲಾಭ, ಎರಡು, ಮೂರು’ ಎಂದು ಕೂಗುತ್ತಿದ್ದವನ ಕೆಲಸವನ್ನೇ ಈ ಪೆಟ್ಟಿಗೆ ಮಾಡುತ್ತಿದೆ. ಮೌಖಿಕ ಪರಂಪರೆಯ ಸಮಾಜದಲ್ಲಿ ನುಡಿದದ್ದು, ನಾಲ್ವರು ಕೇಳಿದ್ದು ಪ್ರಮಾಣ. ಕಾಗದದ ವಹಿ ಬಂದಾಗ ಬರಹ ಬಲ್ಲವನ ಕೈ ಮೇಲಾಗಿತ್ತು. ನುಡಿಯುವ ಯಂತ್ರ ಬಂದಾಗ, ತಾತ್ಕಾಲಿಕವಾಗಿಯಾದರೂ, ಕೇಳುವವರೆಲ್ಲ ಮತ್ತೆ ಸಾಕ್ಷಿಗಳಾದರು. ಈ ಸಾಧನ ಬೇಗ ರೂಢಿಗೆ ಬಂದದ್ದಕ್ಕೆ ಅದರ ಅಗ್ಗದ ಬೆಲೆಯಷ್ಟೇ ಈ ಸಂಗತಿಯೂ ಕಾರಣವೆನ್ನಬಹುದು.

ಆದರೆ ಕೇಳಿಸಿದ ಹಣ ಯಾರ ಖಾತೆಗೆ ಹೋಯಿತು? ಸಮಸ್ಯೆಯ ತಿರುಳು ಇಲ್ಲಿದೆ. ವೈಯಕ್ತಿಕ ಯುಪಿಐ ವಿಳಾಸ ಒಬ್ಬ ವ್ಯಕ್ತಿಯ ಮೊಬೈಲ್ ಸಂಖ್ಯೆಗೆ, ಅವನ ಬ್ಯಾಂಕ್ ಖಾತೆಗೆ ಬಿಗಿದದ್ದು. ಬಾಯಿಮಾತಿನ ಪಾಲುದಾರಿಕೆಗೆ ತನ್ನದೇ ಹೆಸರಿನ ಖಾತೆ ಇರುವುದಿಲ್ಲ. ಹೀಗಾಗಿ ಮೂವರ ಅಂಗಡಿಯ ಗೋಡೆಗೆ ಅಂಟಿಸಿದ ಸಂಕೇತ ಮೂವರಲ್ಲಿ ಮೊಬೈಲ್ ಬಳಕೆ ಚೆನ್ನಾಗಿ ಬಲ್ಲ ಒಬ್ಬನದಾಗಿರುವುದು ಸಹಜ. ಗಲ್ಲಾಪೆಟ್ಟಿಗೆಯ ಕೀಲಿ ಒಬ್ಬನ ಬಳಿಯೇ ಇದ್ದರೂ ಪೆಟ್ಟಿಗೆ ಅಂಗಡಿಯಲ್ಲಿತ್ತು, ರಾತ್ರಿ ಎಣಿಸುವಾಗ ಉಳಿದವರು ಕೂಡುತ್ತಿದ್ದರು. ಈಗ ಪೆಟ್ಟಿಗೆಯೇ ಒಬ್ಬನ ಜೇಬಿನಲ್ಲಿ ಮನೆಗೆ ಹೋಗುತ್ತದೆ. ಅವನ ಮನೆಯ ವಿದ್ಯುತ್ ಬಿಲ್ಲು, ಮಗಳ ಶಾಲೆಯ ಶುಲ್ಕ, ನೆಂಟರ ಕೈಗಡ, ಅಂಗಡಿಯ ಜಮೆ ಎಲ್ಲವೂ ಒಂದೇ ಖಾತೆಯಲ್ಲಿ ಬೆರೆಯುತ್ತವೆ. ಯಾರೂ ಮೋಸ ಮಾಡದೆಯೂ ಸಂಶಯ ಹುಟ್ಟಲು ಇಷ್ಟು ಸಾಕು. ಆ ಪಾಲುದಾರ ಅಕಸ್ಮಾತ್ ತೀರಿಕೊಂಡರೆ ಖಾತೆಯ ಹಣ ಕಾನೂನಿನ ಕಣ್ಣಿಗೆ ಮೊದಲು ಅವನದೇ ಆಗಿ ಕಾಣುತ್ತದೆ. ಉಳಿದಿಬ್ಬರು ತಮ್ಮ ಪಾಲನ್ನು ಅವನ ವಾರಸುದಾರರ ಮುಂದೆ ರುಜುವಾತು ಮಾಡಬೇಕಾಗುತ್ತದೆ.

5. ಕರದಂಟು ಗಡಿ ದಾಟುವಾಗ

ವಿದ್ಯುನ್ಮಾನ ವಾಣಿಜ್ಯದ ಮೂರನೆಯ ರೂಪ ದೂರದ ಗಿರಾಕಿಗೆ ಜಾಲತಾಣದ ಮೂಲಕ ಮಾರುವುದು. ಈ ಸೀಮೆಯಲ್ಲಿ ಅದಕ್ಕೆ ಸಹಜವಾಗಿ ಒದಗುವ ಸರಕು ಗೋಕಾಕದ ಕರದಂಟು. ತುಪ್ಪದಲ್ಲಿ ಕರಿದ ಅಂಟು, ಬೆಲ್ಲ, ಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿಗಳಿಂದ ಮಾಡುವ ಈ ತಿನಿಸು ಬಾಣಂತಿಗೆ ಕೊಡುವ ಅಂಟಿನುಂಡೆಯ ಬಳಗದ್ದು. ಬಹುಕಾಲ ಕೆಡದೆ ಇರುವುದರಿಂದ ಅಂಚೆ, ಕೊರಿಯರ್‌ಗೆ ತಕ್ಕದ್ದು. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಶಾವಿಗೆಗಳಿಗೂ ಇದೇ ಗುಣವಿದೆ. 2000ದಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆಯ ಸ್ವಸಹಾಯ ಗುಂಪುಗಳ ಮೂಲಕ ಮನೆಯ ಈ ವಿದ್ಯೆಗಳು ಮಾರಾಟದ ಸರಕುಗಳಾದವು. ಹಗುರ ಮರದಲ್ಲಿ ಹಣ್ಣು, ಕಾಯಿಪಲ್ಲೆಗಳ ತದ್ರೂಪ ಕಡೆದು ಬಣ್ಣ ಹಚ್ಚುವ ಗೋಕಾಕದ ಗೊಂಬೆಗಳ ಕುಶಲಕರ್ಮಿಗಳಿಗೂ ದೂರದ ಗಿರಾಕಿ ಅವಶ್ಯಕ.

ಆದರೆ ಸಂತೆಯಲ್ಲಿ ಮಾರುವುದಕ್ಕೂ ಜಾಲದಲ್ಲಿ ಮಾರುವುದಕ್ಕೂ ನಿಯಮ ಬೇರೆ. 2017ರ ಜುಲೈಯಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಯಾದಾಗ, ಮಧ್ಯವರ್ತಿ ಜಾಲತಾಣದ ಮೂಲಕ ಸರಕು ಮಾರುವವರು ವಹಿವಾಟು ಎಷ್ಟೇ ಚಿಕ್ಕದಿದ್ದರೂ ನೋಂದಣಿ ಮಾಡಿಸಬೇಕೆಂದಾಯಿತು. 1 ಅಕ್ಟೋಬರ್ 2023ರಿಂದ ಸಣ್ಣ ಮಾರಾಟಗಾರರಿಗೆ ಇದರಲ್ಲಿ ರಿಯಾಯಿತಿ ದೊರೆತಿದೆ. ಆದರೆ ಅದು ರಾಜ್ಯದೊಳಗಿನ ಮಾರಾಟಕ್ಕೆ ಮಾತ್ರ. ಮಧ್ಯ ಕರ್ನಾಟಕದ ಊರೊಂದಕ್ಕೆ ಈ ಷರತ್ತು ಭಾರವಾಗದು. ಯಮಕನಮರಡಿಯಂಥ ಗಡಿಯ ಊರಿಗೆ ಅದರ ಅರ್ಥ ಬೇರೆ. ಗಡಹಿಂಗ್ಲಜದ ಗಿರಾಕಿ ಬಸ್ಸು ಹತ್ತಿ ಬಂದು ಅಂಗಡಿಯಲ್ಲೇ ಕೊಂಡರೆ ಅದು ರಾಜ್ಯದೊಳಗಿನ ವ್ಯಾಪಾರ. ಅದೇ ಗಿರಾಕಿ ಮನೆಯಲ್ಲಿ ಕೂತು ಮೊಬೈಲಿನಲ್ಲಿ ತರಿಸಿಕೊಂಡರೆ ಅಂತರರಾಜ್ಯ ವ್ಯಾಪಾರ. ನೆಂಟಸ್ತಿಕೆ, ಜಾತ್ರೆ, ಸಂತೆಗಳು ದಿನವೂ ದಾಟುವ ಗಡಿಯನ್ನು ಸಣ್ಣ ವ್ಯಾಪಾರಿಯ ಜಾಲವ್ಯವಹಾರ ಸುಲಭವಾಗಿ ದಾಟಲಾರದು.

ದೊಡ್ಡ ಜಾಲತಾಣಗಳಲ್ಲಿ ಮಾರುವವನಿಗೆ ಇನ್ನೂ ಒಂದು ಬದಲಾವಣೆ ಎದುರಾಗುತ್ತದೆ. ಗಿರಾಕಿಯ ಹೆಸರು, ಅವನ ರುಚಿ, ಮತ್ತೆ ಬರುವನೋ ಇಲ್ಲವೋ ಎಂಬ ತಿಳಿವಳಿಕೆ ಮೊದಲು ಅಂಗಡಿಯ ಪಾಲುದಾರರ ಸೊತ್ತಾಗಿತ್ತು. ಈಗ ಅದು ಜಾಲತಾಣದ ಸೊತ್ತು. ದಲ್ಲಾಳಿ ಹೊರಟುಹೋಗಲಿಲ್ಲ, ರೂಪ ಬದಲಿಸಿಕೊಂಡನು. 2021ರ ಡಿಸೆಂಬರಿನಲ್ಲಿ ಸ್ಥಾಪನೆಯಾದ ಒಎನ್‌ಡಿಸಿ ಎಂಬ ಮುಕ್ತ ಜಾಲವು ಒಂದೇ ಕಂಪನಿಯ ಹಿಡಿತವಿಲ್ಲದೆ ಸಣ್ಣವರು ಮಾರುವಂತಾಗಬೇಕೆಂಬ ಆಶಯದಿಂದ ಹುಟ್ಟಿತು. ಅದು ತೆರೆದ ಬಾಗಿಲು ನಿಜ. ಆದರೆ ಬಾಗಿಲವರೆಗೆ ನಡೆಯಲು ಬೇಕಾದ ಚಿತ್ರ, ವಿವರಣೆ, ಕಟ್ಟುವಿಕೆ, ವಾಪಸಾತಿಗಳ ಶ್ರಮವನ್ನು ಒಬ್ಬಂಟಿ ಕುಶಲಕರ್ಮಿ ಹೊರುವುದು ಕಷ್ಟ. ತಯಾರಿಸುವವಳೊಬ್ಬಳು, ಬರೆದು ಕಳಿಸುವವಳೊಬ್ಬಳು, ಲೆಕ್ಕ ಇಡುವವಳೊಬ್ಬಳು ಎಂಬ ಪಾಲುಗಾರಿಕೆ ಇಲ್ಲಿಯೇ ಮತ್ತೆ ಪ್ರಸ್ತುತವಾಗುತ್ತದೆ.

6. ಲೆಕ್ಕ ಕೇಳುವ ಮೂರನೆಯವರು

ಕಣದ ಲೆಕ್ಕಕ್ಕೆ ಊರಿನವರೇ ಸಾಕ್ಷಿ. ವಿದ್ಯುನ್ಮಾನ ಲೆಕ್ಕಕ್ಕೆ ಊರಿನ ಹೊರಗಿನ ಸಾಕ್ಷಿಗಳೂ ಇದ್ದಾರೆ. ಇದು ಕರ್ನಾಟಕದಲ್ಲಿ ಎಲ್ಲರಿಗೂ ಮನದಟ್ಟಾದದ್ದು ಜುಲೈ 2025ರಲ್ಲಿ. ಯುಪಿಐ ಮೂಲಕ ಪಡೆದ ಮೊತ್ತದ ಮಾಹಿತಿಯನ್ನು ಆಧರಿಸಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ದಾಟಿದ ವಹಿವಾಟಿಗೆ ನೋಂದಣಿ ಅಗತ್ಯವೆಂಬುದು ಇಲಾಖೆಯ ನಿಲುವು. ಖಾತೆಗೆ ಬಂದದ್ದರಲ್ಲಿ ಕೈಗಡವಿದೆ, ಮನೆಯವರ ಹಣವಿದೆ, ತೆರಿಗೆಯಿಲ್ಲದ ಹಾಲು–ತರಕಾರಿಯ ಮಾರಾಟವಿದೆ ಎಂಬುದು ವ್ಯಾಪಾರಿಗಳ ಅಳಲು. ಬೆಂಗಳೂರು ಮೊದಲಾದ ಕಡೆ ಅನೇಕರು ಸಂಕೇತ ಫಲಕಗಳನ್ನು ತೆಗೆದು ‘ನಗದು ಮಾತ್ರ’ ಎಂದು ಬರೆದರು. ಅದೇ ತಿಂಗಳು ಮುಖ್ಯಮಂತ್ರಿಗಳು ವ್ಯಾಪಾರಿಗಳ ಪ್ರತಿನಿಧಿಗಳೊಂದಿಗೆ ಸಭೆ ನಡೆಸಿ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂಬ ಭರವಸೆ ನೀಡಿದ ಮೇಲೆ ಪ್ರಕರಣ ತಣ್ಣಗಾಯಿತು.

ಈ ಘಟನೆಯನ್ನು ಪಾಲುದಾರಿಕೆಯ ದೃಷ್ಟಿಯಿಂದ ನೋಡಿದವರು ಕಡಿಮೆ. ಮೂವರ ವಹಿವಾಟು ಒಬ್ಬನ ಖಾತೆಯಲ್ಲಿ ಕಾಣಿಸಿಕೊಂಡಾಗ ಹೊರಗಿನ ಸಾಕ್ಷಿಯ ಕಣ್ಣಿಗೆ ಅದು ಅವನೊಬ್ಬನದೇ ವಹಿವಾಟು. ಲಾಭದಲ್ಲಿ ಮೂರು ಪಾಲು, ನೋಟಿಸಿನಲ್ಲಿ ಒಂದೇ ಹೆಸರು. ಇತರ ಇಬ್ಬರು ತಮ್ಮ ಹೊಣೆಯನ್ನು ಒಪ್ಪಿದರೆ ಪಾಲುದಾರಿಕೆ ಉಳಿಯುತ್ತದೆ. ‘ಸ್ಕ್ಯಾನರ್ ನಿನ್ನದು, ನೀನೇ ನೋಡಿಕೊ’ ಎಂದರೆ ಅಂದೇ ಮುಗಿಯುತ್ತದೆ. ಮರೆಮಾಚುವುದರಿಂದ ಇದಕ್ಕೆ ಪರಿಹಾರವಿಲ್ಲ. ನಗದಿಗೆ ಹಿಂದಿರುಗಿದರೆ ದೂರದ ಗಿರಾಕಿಯೂ ಬ್ಯಾಂಕಿನ ಸಾಲವೂ ಕೈತಪ್ಪುತ್ತವೆ.

ವಿದ್ಯುನ್ಮಾನ ದಾಖಲೆಗೆ ಕಾನೂನಿನ ಮನ್ನಣೆ ಇಂದು ನಿನ್ನೆಯದಲ್ಲ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮ ಅದಕ್ಕೆ ಅಡಿಪಾಯ ಹಾಕಿತು. 1 ಜುಲೈ 2024ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮವೂ ವಿದ್ಯುನ್ಮಾನ ರೂಪದ ಲೆಕ್ಕಪುಸ್ತಕವನ್ನು ಪರಿಗಣಿಸುತ್ತದೆ. ಆದರೆ ಬರಿಯ ಲೆಕ್ಕದ ನಮೂದೊಂದೇ ಒಬ್ಬನ ಮೇಲೆ ಹೊಣೆ ಹೊರಿಸಲು ಸಾಲದು ಎಂಬ ಹಳೆಯ ತತ್ತ್ವವನ್ನು ಉಳಿಸಿಕೊಂಡಿದೆ. ಈ ಪ್ರದೇಶದ ರೈತರಿಗಂತೂ ಗಣಕೀಕೃತ ದಾಖಲೆ ಹೊಸತಲ್ಲ. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು, ಇಲ್ಲಿಯವರ ಬಾಯಲ್ಲಿ ‘ಉತಾರ’ಗಳು, ಈ ಶತಮಾನದ ಆರಂಭದಲ್ಲೇ ಗಣಕಯಂತ್ರಕ್ಕೆ ಏರಿದ್ದವು. ಉತಾರದಲ್ಲಿ ಹೆಸರಿಲ್ಲದ ತಮ್ಮನ ಪಾಡು ಏನಾಗುತ್ತದೆಂಬುದನ್ನು ಆಗಲೇ ಅನೇಕ ಮನೆಗಳು ಕಂಡಿವೆ. ಅದೇ ಪಾಠ ಈಗ ಅಂಗಡಿಗೂ ಅನ್ವಯಿಸುತ್ತದೆ.

7. ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ವ್ಯಾವಹಾರಿಕ ಸೂಚನೆಗಳು ತಾವಾಗಿಯೇ ಹೊರಡುತ್ತವೆ. ಸಣ್ಣದಾದರೂ ಪಾಲುದಾರಿಕೆಯ ಕರಾರು ಕನ್ನಡದಲ್ಲಿಯೇ ಬರಹದಲ್ಲಿರಬೇಕು, ಸಾಧ್ಯವಾದಷ್ಟು ನೋಂದಣಿಯಾಗಬೇಕು. ಗೋಡೆಯ ಮೇಲಿನ ಸಂಕೇತ ವ್ಯಕ್ತಿಯ ಹೆಸರಿನದಾಗಿರದೆ ಸಂಸ್ಥೆಯ ಚಾಲ್ತಿ ಖಾತೆಯದಾಗಿರಬೇಕು. ಖಾತೆಯಿಂದ ಹಣ ತೆಗೆಯುವವರಾರು, ಪ್ರತಿ ಜಮೆಯ ಸಂದೇಶ ಯಾರ ಯಾರ ಮೊಬೈಲಿಗೆ ಹೋಗಬೇಕು, ಜಾಲತಾಣದ ಗುಪ್ತಪದ ಯಾರಲ್ಲಿರಬೇಕು ಎಂಬುದು ಕರಾರಿನಲ್ಲಿ ನಮೂದಾಗಬೇಕು. 12ನೆಯ ಪ್ರಕರಣ ಕೊಟ್ಟ ‘ವಹಿ ನೋಡುವ ಹಕ್ಕು’ ಇಂದು ಗುಪ್ತಪದ ತಿಳಿಯುವ ಹಕ್ಕೇ ಆಗಿದೆ. ಬೇರೆ ಕರಾರಿಲ್ಲದಿದ್ದರೆ ಪಾಲುದಾರನ ಮರಣದಿಂದ ಸಂಸ್ಥೆ ವಿಸರ್ಜನೆಯಾಗುತ್ತದೆ ಎನ್ನುವ 42ನೆಯ ಪ್ರಕರಣವನ್ನು ನೆನೆದು, ಮುಂದುವರಿಕೆಯ ಬಗೆಯನ್ನೂ ಮೊದಲೇ ಬರೆದಿಡಬೇಕು. ಹೊಣೆಯನ್ನು ಮಿತಗೊಳಿಸಬಯಸುವವರಿಗೆ 2008ರ ಸೀಮಿತ ಹೊಣೆಗಾರಿಕೆ ಪಾಲುದಾರಿಕೆ ಅಧಿನಿಯಮದ ದಾರಿಯಿದೆ. ವರ್ಷವರ್ಷದ ವರದಿಗಳ ಖರ್ಚನ್ನು ಲೆಕ್ಕಹಾಕಿ ಅದನ್ನು ಆರಿಸಿಕೊಳ್ಳಬೇಕು.

ಇವೆಲ್ಲಕ್ಕಿಂತ ಮಿಗಿಲಾದದ್ದು, ತಿಂಗಳಿಗೊಮ್ಮೆ ಪಾಲುದಾರರು ಕೂಡಿ ಖಾತೆಯ ವಿವರವನ್ನು ಗಟ್ಟಿಯಾಗಿ ಓದಿಸಿ ಕೇಳುವ ಪದ್ಧತಿ. ಓದು ಬಾರದ ಪಾಲುದಾರ, ಮನೆಯಿಂದ ದುಡಿಮೆ ಹಾಕಿದ ಹೆಣ್ಣುಮಗಳು ಇಬ್ಬರಿಗೂ ಲೆಕ್ಕ ಕಿವಿಗೆ ಬೀಳಬೇಕು. ದೀಪಾವಳಿಯ ವಹಿಪೂಜೆಯನ್ನು ಗಣಕಯಂತ್ರಕ್ಕೂ ಮೊಬೈಲಿಗೂ ಕುಂಕುಮ ಹಚ್ಚಿ ಮುಂದುವರಿಸಿದ ಅಂಗಡಿಗಳು ಇಂದು ವಿರಳವಲ್ಲ. ಪೂಜೆಯ ಜೊತೆಗೆ, ಆ ಪೂಜೆಯ ಹಿಂದಿದ್ದ ಲೆಕ್ಕ ಬಿಚ್ಚಿಡುವ ಧರ್ಮವೂ ಉಳಿಯುವುದು ಮುಖ್ಯ.

ಜನಪದರ ಪಾಲುಗಾರಿಕೆಯನ್ನು ಮುಗ್ಧ ವಿಶ್ವಾಸದ ಲೋಕವೆಂದು ಕಲ್ಪಿಸಿಕೊಳ್ಳುವುದು ಸರಿಯಲ್ಲ. ಅದು ಅವಿಶ್ವಾಸಕ್ಕೆ ಎಡೆಯಾಗದಂತೆ ಎಚ್ಚರದಿಂದ ಕಟ್ಟಿದ ವ್ಯವಸ್ಥೆ. ಅಳೆಯುವವನಿಗೆ ಕೊಳಗ ಕೊಟ್ಟ ಜನ ಎಣಿಕೆಯನ್ನು ಎಲ್ಲರ ಕಿವಿಗೂ ಹಂಚಿದ್ದರು. ಹೊಸ ವಾಣಿಜ್ಯದಲ್ಲಿ ಕೊಳಗ ಯಾರ ಕೈಯಲ್ಲಿದೆಯೆಂಬುದು ಸ್ಪಷ್ಟವಾಗಿದೆ. ಎಣಿಕೆ ಯಾರಿಗೆ ಕೇಳಿಸಬೇಕೆಂಬುದನ್ನು ಇನ್ನು ಪಾಲುದಾರರೇ ಗೊತ್ತುಮಾಡಿಕೊಳ್ಳಬೇಕಾಗಿದೆ.